ನಿಂತ ಬೋಗಿಯ ಗಾಳಿಕಿಂಡಿ

ವರ್ಕ್‌ಶಾಪಿನಲ್ಲಿ ಅವನನ್ನು ಎಲ್ಲರೂ ಗಾಳಿ ಮೇಸ್ತ್ರಿ ಅನ್ನುತ್ತಿದ್ದರು. ಗಾಳಿಮಾತಿನವನು ಅಂತಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಅವನು ಮಾಡಿಕೊಂಡು ಬಂದದ್ದು ಒಂದೇ ಕೆಲಸ: ಪ್ರಯಾಣಿಕರ ಬೋಗಿಗಳ ನೆತ್ತಿಯ ಮೇಲೆ ಕೂರುವ ಗಾಳಿಕಿಂಡಿಗಳನ್ನು ತಗಡಿನಲ್ಲಿ ಕತ್ತರಿಸುವುದು, ಬಗ್ಗಿಸುವುದು, ಬೆಸೆದು ಕೂರಿಸುವುದು. ನೋಡಲು ಎರಡೂ ಕಡೆ ಬಾಯಿ ತೆರೆದ ಟೋಪಿಯ ಹಾಗಿರುತ್ತದೆ. ಅದಕ್ಕೆ ಫ್ಯಾನಿಲ್ಲ, ಕರೆಂಟಿಲ್ಲ. ಗಾಡಿ ಓಡುವಾಗ ಬೀಸುವ ಗಾಳಿ ಆ ಟೋಪಿಯೊಳಗೆ ನುಗ್ಗಿ ಹಾದುಹೋಗುತ್ತಾ, ಒಳಗೆ ಕೂತವರ ಬಿಸಿಯುಸಿರನ್ನೆಲ್ಲ ಕಿಂಡಿಯಿಂದ ಹೊರಕ್ಕೆ ಎಳೆದುಕೊಂಡು ಹೋಗುತ್ತದೆ.

"ಟಿಕೆಟ್ ಇಲ್ಲದೋರನ್ನ ಟಿಸಿ ಹೊರಗೆ ಹಾಕ್ತಾನೆ, ಟಿಕೆಟ್ ಇರೋರ ಉಸಿರನ್ನ ನಾನು ಹೊರಗೆ ಹಾಕ್ತೀನಿ," ಅನ್ನುವುದು ಅವನ ಹಳೇ ತಮಾಷೆ. ಹೊಸಬರು ಬಂದಾಗಲೆಲ್ಲ ಹೇಳುತ್ತಿದ್ದ. ಅವರು ನಗದಿದ್ದರೆ ತಾನೇ ನಗುತ್ತಿದ್ದ.

ಅವನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮೂರನೇ ಮಹಡಿಯ ಒಂದು ಕೋಣೆಯಲ್ಲಿ ಒಬ್ಬನೇ ಇದ್ದ. ತಾಯಿಗೆ ಮಂಡಿನೋವು, ಅಷ್ಟು ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಹಾಗಾಗಿ ಆಕೆ ಇದ್ದದ್ದು ಕಿರಿಮಗನ ಜೊತೆ. ಆ ತಮ್ಮ ಹಳಿ ರಿಪೇರಿಯ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. ಗ್ಯಾಂಗಿನವರಿಗೆ ಕೊಟ್ಟ ಮನೆ ಅಂದರೆ ಓಡಾಟ ನಿಲ್ಲಿಸಿದ ಹಳೇ ಬೋಗಿ. ಯಾರ್ಡಿನ ಕೊನೇ ಹಳಿಯ ಮೇಲೆ ಅಂಥವು ಒಂಬತ್ತು ನಿಂತಿದ್ದವು. ಒಂದೊಂದಕ್ಕೂ ಹಲಗೆಯ ಅಡ್ಡಗೋಡೆ ಹೊಡೆದು ಮೂರು ಸಂಸಾರ ಹಾಕಿದ್ದರು. ತಮ್ಮನ ಪಾಲಿಗೆ ಬಂದ ಭಾಗಕ್ಕೆ ನಾಲ್ಕು ಕಿಟಕಿ, ಒಂದು ಬಾಗಿಲು, ನೆತ್ತಿಯಲ್ಲಿ ಮೂರು ಗಾಳಿಕಿಂಡಿ. ಮೂರೂ ಮೇಸ್ತ್ರಿಯೇ ಎಂದೋ ಕೂರಿಸಿದ್ದವು. ಬೆಸುಗೆಯ ಗೀರು ನೋಡಿದರೆ ಅವನಿಗೆ ತನ್ನ ಕೈಯೆಂದು ಗೊತ್ತಾಗುತ್ತಿತ್ತು.

ಆ ವರ್ಷದ ಚಳಿ ಅಂದರೆ ಚಳಿ. ಪ್ರತಿ ಭಾನುವಾರ ಮೇಸ್ತ್ರಿ ತಾಯಿಯನ್ನು ನೋಡಲು ಹೋಗುತ್ತಿದ್ದ. ಹೋದ ಕೂಡಲೇ ಆಕೆಯ ರಾಗ ಶುರು.

"ಲೋ, ಊರಿಗೆಲ್ಲ ಗಾಳಿ ಕೊಡೋನು ನೀನು. ನನಗೂ ಕೊಟ್ಟಿದೀಯ ನೋಡು, ನೆತ್ತಿ ಮೇಲೆ ತಣ್ಣೀರು ಸುರಿದ ಹಾಗೆ ಬೀಳುತ್ತೆ. ಮುಚ್ಚೋ ಅದನ್ನ."

"ಅಮ್ಮಾ, ಅದು ಇರಬೇಕಮ್ಮ. ಒಳಗಿನ ಕೆಟ್ಟ ಗಾಳಿ ಎಳೆದು ಹಾಕೋಕೆ ಇರೋದು."

"ಗಾಡಿ ಓಡಿದರೆ ಎಳೀತದೆ ಅಂತ ನೀನೇ ಹೇಳ್ತಿದ್ದೆ. ಇದು ಎಲ್ಲಿಗೆ ಓಡುತ್ತೋ? ನಾನೂ ನಿಂತಿದೀನಿ, ಇದೂ ನಿಂತಿದೆ."

ತಮ್ಮನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವಳು ಹೆಚ್ಚು ಮಾತಿನವಳಲ್ಲ. ಅತ್ತೆಯ ಕಾಲು ತಿಕ್ಕುವುದು, ನೀರು ತರುವುದು, ಬೆಳಿಗ್ಗೆ ಐದಕ್ಕೆ ಗಂಡನಿಗೆ ಬುತ್ತಿ ಕಟ್ಟುವುದು, ಎಲ್ಲ ಅವಳದೇ. ಚಳಿಗೆಂದು ದಿನಾ ಮಧ್ಯಾಹ್ನ ಅಗ್ಗಿಷ್ಟಿಕೆಗೆ ಇದ್ದಿಲು ತುಂಬಿ, ಹೊರಗೇ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ಕೆಂಪಾದ ಮೇಲೆ ಒಳಗೆ ತಂದು ಅತ್ತೆಯ ಮಂಚದ ಕಾಲ ಬಳಿ ಇಡುತ್ತಿದ್ದಳು. ಮೇಸ್ತ್ರಿ ಅದನ್ನು ಎಷ್ಟೋ ಸಲ ನೋಡಿದ್ದ. ಮೇಲೆ ಮೂರು ಕಿಂಡಿ ಬಾಯಿ ತೆರೆದಿದ್ದವಲ್ಲ, ಏನೂ ಅಂದಿರಲಿಲ್ಲ.

ಮೊದಲು ಒಂದು ಕಿಂಡಿ ಮುಚ್ಚಿದ. ಮರುವಾರ ಇನ್ನೊಂದು. ಮೂರನೆಯದಕ್ಕೆ ಮಾತ್ರ ಒಪ್ಪಲಿಲ್ಲ. ಆದರೆ ತಾಯಿ ಕೆಮ್ಮು ಹಿಡಿದು ಎರಡು ದಿನ ಅನ್ನ ಬಿಟ್ಟಳು. ತಮ್ಮನೂ, "ಅಣ್ಣಾ, ನಿನ್ನ ಕಾನೂನು ಆಮೇಲೆ, ಅಮ್ಮ ಸತ್ತು ಹೋಗ್ತಾಳೆ," ಅಂದ. ಆ ಭಾನುವಾರ ಮೇಸ್ತ್ರಿ ತಗಡಿನ ಬಿಲ್ಲೆ, ಬೆಸುಗೆಯ ಸಾಮಾನು ತೆಗೆದುಕೊಂಡು ಬೋಗಿಯ ಮೇಲೆ ಹತ್ತಿದ. ಕೆಲಸ ಚೊಕ್ಕವಾಗಿ ಮಾಡಿದ. ಕೂದಲೆಳೆ ತೂರುವಷ್ಟೂ ಸಂದು ಬಿಡಲಿಲ್ಲ.

ಕೆಳಗಿಳಿದು ಬಂದಾಗ ತಾಯಿ ಹೊದ್ದಿದ್ದ ಕಂಬಳಿ ಹೆಗಲಿಗೆ ಸರಿಸಿಕೊಂಡು ಕೂತಿದ್ದಳು. "ಈಗ ನೋಡು, ಇದು ನನ್ನ ಮಗನ ಕೈಗುಣ," ಅಂದಳು. ಅವನ ಕೆಲಸವನ್ನು ಆಕೆ ಹೊಗಳಿದ್ದು ಅದೇ ಮೊದಲು. ಐವತ್ತೈದು ವರ್ಷದ ಗಂಡಸು, ಹೊಗಳಿಕೆಗೆ ಎಳೆಮಗುವಿನಂತೆ ಉಬ್ಬಿಹೋದ. ಟೀ ಕುಡಿದು, ತಮ್ಮನ ಜೊತೆ ಒಂದಿಷ್ಟು ಹರಟೆ ಹೊಡೆದು ಹೊರಟ. ರೈಲ್ವೆ ಗೇಟಿನ ಹತ್ತಿರ ಬಂದಾಗ ತಲೆಯಲ್ಲಿ ಏನೋ ಚುಚ್ಚಿತು. ಅಗ್ಗಿಷ್ಟಿಕೆ. ಇನ್ನು ಅದನ್ನು ಒಳಗೆ ತರಬಾರದು ಅಂತ ಹೇಳಬೇಕಿತ್ತು. ತಿರುಗಿ ನೋಡಿದ. ಅರ್ಧ ಮೈಲಿ ವಾಪಸ್ ಹೋಗಬೇಕು, ಕಾಲು ಸೋತಿತ್ತು. ಮುಂದಿನ ಭಾನುವಾರ ಹೇಳಿದರಾಯ್ತು ಅಂದುಕೊಂಡು ಗೇಟು ದಾಟಿದ.

ಬುಧವಾರ ಗಾಳಿಯೇ ಇರಲಿಲ್ಲ. ಯಾರ್ಡಿನ ಮೇಲೆ ಮಂಜು ಕವುಚಿಕೊಂಡಿತ್ತು. ತಮ್ಮನ ಹೆಂಡತಿ ಎಂದಿನಂತೆ ಕೆಂಡ ಮಾಡಿ ಒಳಗಿಟ್ಟು, ಚಳಿ ಬರದಿರಲೆಂದು ಕಿಟಕಿಗಳನ್ನು ಮುಚ್ಚಿ ಬಾಗಿಲು ಎಳೆದುಕೊಂಡು, ಬಟ್ಟೆ ಒಗೆಯಲು ನಲ್ಲಿಗೆ ಹೋದಳು. ನಲ್ಲಿಯಲ್ಲಿ ಸಾಲು. ನೀರು ಹನಿಹನಿ. ಬರುವಷ್ಟರಲ್ಲಿ ಎರಡು ಗಂಟೆಯಾಯಿತು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಕೆನ್ನೆಯೆಲ್ಲ ಕೆಂಪಾಗಿ. ಎಷ್ಟು ದಿನದ ಮೇಲೆ ಪಾಪ ಬೆಚ್ಚಗೆ ನಿದ್ದೆ ಬಂದಿದೆ ಅಂದುಕೊಂಡು ಅವಳು ಬಾಗಿಲು ಮುಚ್ಚಿ, ಸದ್ದಾಗದ ಹಾಗೆ ಒಳಗಿನ ಹಗ್ಗಕ್ಕೆ ಬಟ್ಟೆ ಹರವಿದಳು. ಮೂರನೇ ಬಟ್ಟೆಗೋ ನಾಲ್ಕನೇ ಬಟ್ಟೆಗೋ ತಲೆ ಸಿಡಿಯತೊಡಗಿತು, ಕಾಲು ತನ್ನದಲ್ಲ ಅನ್ನಿಸಿತು. ಅವಳು ಬಾಗಿಲಿಗೆ ಬಿದ್ದ ಸದ್ದು ಕೇಳಿ ಪಕ್ಕದ ಸಂಸಾರದ ಹೆಂಗಸು ಓಡಿಬಂದು ಅವಳನ್ನು ಹೊರಗೆಳೆದಳು. ಅತ್ತೆಯನ್ನೂ ಎಳೆದರು. ಆಕೆಯ ಜೀವ ಆಗಲೇ ಹೋಗಿತ್ತು.

ಮೇಸ್ತ್ರಿ ವರ್ಕ್‌ಶಾಪಿನಿಂದ ಓಡಿಬಂದ. ತಾಯಿಯ ಹೆಣ ಮತ್ತೆ ಒಳಗೇ ಮಲಗಿಸಿದ್ದರು. ಹೊಸಲು ದಾಟಿದವನ ಕಣ್ಣು ತಾಯಿಯ ಮುಖಕ್ಕಿಂತ ಮೊದಲು ಸೂರಿಗೆ ಹೋಯಿತು. ಮೂರೂ ಬಿಲ್ಲೆಗಳು ಗಟ್ಟಿಯಾಗಿ ಕೂತಿದ್ದವು.

ಎಂಟು ದಿನ ಕಳೆದು ರೈಲ್ವೆಯ ವಿಚಾರಣೆ. ಸಾಹೇಬರು ದೊಡ್ಡ ಮೇಜಿನ ಹಿಂದೆ, ಗುಮಾಸ್ತ ಪಕ್ಕದಲ್ಲಿ. ಆಸ್ಪತ್ರೆಯಿಂದ ಹಿಂದಿನ ದಿನವಷ್ಟೇ ಬಂದಿದ್ದ ತಮ್ಮನ ಹೆಂಡತಿ ಬೆಂಚಿನ ತುದಿಯಲ್ಲಿ, ಗಂಡನ ಪಕ್ಕ.

"ಕಿಂಡಿ ಮುಚ್ಚಿದ್ದು ಯಾರು?"

"ನಾನೇ ಸಾರ್. ತಾಯಿಗೆ ಚಳಿ ತಡೆಯೋಕಾಗ್ತಿರಲಿಲ್ಲ." ಇಷ್ಟು ಹೇಳುವವರೆಗೆ ಅವನ ಬಾಯಲ್ಲಿ ಸುಳ್ಳಿರಲಿಲ್ಲ.

"ಇಪ್ಪತ್ತೊಂಬತ್ತು ವರ್ಷ ಸರ್ವಿಸು. ಮುಚ್ಚಿದ ಜಾಗದಲ್ಲಿ ಇದ್ದಿಲು ಉರಿಸಿದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ವಾ? ಮನೆಯವರಿಗೆ ಹೇಳಲಿಲ್ವಾ?"

ಗುಮಾಸ್ತನ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಮೇಸ್ತ್ರಿ ಆ ಪೆನ್ನನ್ನೇ ನೋಡಿದ. "ಹೇಳಿದ್ದೆ ಸಾರ್," ಅಂದುಬಿಟ್ಟ. "ಒಳಗೆ ಕೆಂಡ ತರಬೇಡಮ್ಮ ಅಂತ ಇವಳಿಗೆ ಹೇಳಿದ್ದೆ."

ಸಾಹೇಬರು ಅವಳತ್ತ ತಿರುಗಿದರು. "ಹೇಳಿದ್ರಾ?"

ಅವಳು ಭಾವನ ಮುಖವನ್ನೇ ನೋಡಿದಳು. ಸಿಟ್ಟಿನಿಂದಲ್ಲ, ಕಳೆದುಹೋದ ವಸ್ತು ಹುಡುಕುವವರ ಹಾಗೆ. ವಿಷಗಾಳಿ ಅವಳ ತಲೆಯಿಂದ ಆ ವಾರದ ಎಷ್ಟೋ ಸಂಗತಿಗಳನ್ನು ಒರೆಸಿಹಾಕಿತ್ತು. ಯಾರು ಬಂದರು, ಯಾರು ಹೋದರು, ಎಲ್ಲ ಕಲಸುಮೇಲೋಗರ. "ಭಾವ ಹೇಳಿದೀನಿ ಅಂದ್ರೆ ಹೇಳಿರ್ತಾರೆ ಸಾರ್," ಅಂದಳು. "ನನಗೆ ನೆನಪಾಗ್ತಿಲ್ಲ."

ಪಕ್ಕದಲ್ಲಿದ್ದ ಗಂಡ ಬೆಂಚಿನ ಮೇಲೆ ಒಂದು ಗೇಣು ಆಚೆ ಸರಿದು ಕೂತ. ಮೇಸ್ತ್ರಿ ಅದನ್ನು ನೋಡಿದ. ನೋಡಿಯೂ ಬಾಯಿ ತೆರೆಯಲಿಲ್ಲ.

ಮೇಸ್ತ್ರಿಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು, ಅಷ್ಟೇ. ಗೃಹಿಣಿಯ ಅಜಾಗ್ರತೆ ಅಂತ ವರದಿಯಾಯಿತು. ತಮ್ಮನೇನೂ ಹೆಂಡತಿಯನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಮಾತು ಬಿಟ್ಟ. ಅವಳು ಬಡಿಸಿದ ತಟ್ಟೆಯನ್ನು ಮುಟ್ಟದೆ ಎದ್ದು ಹೋಗುತ್ತಿದ್ದ. ಇಪ್ಪತ್ತು ದಿನ ಕಂಡು ಅವಳು ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಹೋದಳು. ಅಕ್ಕ-ಭಾವ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟಿದ್ದರು. ಅಲ್ಲಿ ಕೆಲಸಕ್ಕೆ ನಿಂತಳು. ಮೇಸ್ತ್ರಿ ತಡೆಯಲಿಲ್ಲ. ಕಾಲ ಎಲ್ಲ ಮರೆಸುತ್ತೆ ಅಂತ ತನಗೆ ತಾನೇ ಹೇಳಿಕೊಂಡ. ಭಾನುವಾರಗಳಲ್ಲಿ ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟ.

ಆಮೇಲೆ ಮೇಲಿನಿಂದ ಹುಕುಂ ಬಂತು: ಯಾರ್ಡಿನ ಒಂಬತ್ತು ಬೋಗಿಗಳ ಗಾಳಿಕಿಂಡಿ ಪರೀಕ್ಷೆ ಮಾಡಿ, ಮುಚ್ಚಿದ್ದನ್ನೆಲ್ಲ ತೆರೆಯಬೇಕು. ಈ ಕೆಲಸಕ್ಕೆ ಇವನಿಗಿಂತ ಪಳಗಿದ ಕೈ ಯಾವುದಿದೆ ಅಂತ ಫೋರ್‌ಮನ್ ಇವನನ್ನೇ ಕಳಿಸಿದ.

ಮೇಸ್ತ್ರಿ ಏಣಿ ಹೊತ್ತು ಹೋದ. ಒಂದನೇ ಬೋಗಿಯಿಂದ ಶುರುಮಾಡಿದ. ಜನ ಚಿಂದಿ ತುರುಕಿದ್ದರು, ಹಳೇ ದಿಂಬು ತುರುಕಿದ್ದರು, ಒಂದರಲ್ಲಿ ಮಗುವಿನ ಸ್ವೆಟರು. ಒಂದೊಂದೇ ಎಳೆದು ಕೆಳಗೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಕೆಳಗೆ ನಾಲ್ಕೈದು ಹೆಂಗಸರು ಸೇರಿದರು. ಗುಂಪಿನಲ್ಲಿದ್ದ ವಯಸ್ಸಾದವಳು ಒಬ್ಬಳು ಗೊಣಗಿದಳು: "ಆ ಪುಣ್ಯಾತ್ಗಿತ್ತಿ ಅತ್ತೆ ಸಾಯಲಿ ಅಂತ ಕೆಂಡ ಇಟ್ಟು ಬಾಗಿಲು ಹಾಕ್ಕೊಂಡು ಹೋದ್ಲು, ಈಗ ನಮ್ಮ ಮಕ್ಕಳು ಚಳೀಲಿ ನಡುಗಬೇಕು."

"ಸಾಯಲಿ ಅಂತಲೇ?" ಇನ್ನೊಬ್ಬಳು ಕೇಳಿದಳು.

"ಮತ್ತಿನ್ನೇನು? ಭಾವ ಅಷ್ಟು ಹೇಳಿದ್ರೂ ಕೇಳಲಿಲ್ವಂತೆ. ಬೇಕಂತಲೇ ಮಾಡಿದ್ದು."

ಮೇಸ್ತ್ರಿಯ ಕೈಯಲ್ಲಿದ್ದ ಕತ್ತರಿ ನಿಂತಿತು. ತಾನು ಆಡಿದ್ದು ಮೂರು ಮಾತಿನ ಸುಳ್ಳು. ಎರಡು ತಿಂಗಳಲ್ಲಿ ಅದು ಒಬ್ಬ ಹೆಣ್ಣುಮಗಳನ್ನು ಕೊಲೆಗಾತಿ ಮಾಡಿತ್ತು. ಅವನು ಏಣಿಯಿಂದ ಇಳಿದ. ಕೊನೇ ಮೆಟ್ಟಿಲಲ್ಲಿ ಕಾಲು ತಪ್ಪಿ ಜಲ್ಲಿಯ ಮೇಲೆ ಕೂತುಬಿಟ್ಟ. ಹೆಂಗಸರು ಅಯ್ಯೋ ಅಂತ ಹತ್ತಿರ ಬಂದರು.

"ಅವಳಲ್ಲ ತಾಯಿ," ಅಂದ. "ನಾನು ಹೇಳಲೇ ಇಲ್ಲ. ಮುಚ್ಚಿದ್ದು ನಾನು, ಹೇಳದೆ ಹೋದೋನೂ ನಾನು. ವಿಚಾರಣೆಯಲ್ಲಿ ಸುಳ್ಳು ಹೇಳ್ದೆ."

ಆ ವಯಸ್ಸಾದವಳು ನೆಲದ ಮೇಲಿದ್ದ ಚಿಂದಿಯನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಕೆಲಸದಿಂದ ತಮ್ಮ ಬರುವಷ್ಟರಲ್ಲಿ ಸುದ್ದಿ ಅವನ ಕಿವಿ ಮುಟ್ಟಿತ್ತು. ಅಣ್ಣ ಬೋಗಿಯ ಮೆಟ್ಟಿಲ ಮೇಲೆ ಕಾದು ಕೂತಿದ್ದ. ತಮ್ಮ ಸನಿಕೆ ಕೆಳಗಿಟ್ಟು ಎದುರು ನಿಂತ.

"ನಿಜಾನಾ?"

"ನಿಜ."

ಹೊಡೆಯುತ್ತಾನೆ ಅಂದುಕೊಂಡು ಮೇಸ್ತ್ರಿ ತಲೆ ತಗ್ಗಿಸಿದ. ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ. ತಮ್ಮ ಹೊಡೆಯಲಿಲ್ಲ. ಮುಖ ಒರೆಸಿಕೊಂಡು, "ನಾನೂ ಅವಳನ್ನ ಒಂದು ಮಾತು ಕೇಳಲಿಲ್ವಲ್ಲೋ ಅಣ್ಣಾ," ಅಂದ. ಚಿಕ್ಕವನಿದ್ದಾಗ ಅಳುತ್ತಿದ್ದ ಹಾಗೆ, ಬಾಯಿ ಸೊಟ್ಟ ಮಾಡಿಕೊಂಡು ಅತ್ತ. ಸ್ವಲ್ಪ ಹೊತ್ತಿನ ಮೇಲೆ, "ಎದ್ದು ಹೋಗು. ಇಲ್ಲಿ ಕೂರಬೇಡ," ಅಂದ.

ಮರುದಿನ ಮೇಸ್ತ್ರಿ ಸಾಹೇಬರ ಮುಂದೆ ನಿಂತ. ಅವರು ಕೇಳಿ ಕನ್ನಡಕ ತೆಗೆದಿಟ್ಟರು. "ಫೈಲು ಮುಗಿದಿದೆಯಲ್ಲಯ್ಯ. ಈಗ ಯಾಕೆ ಬಂದೆ?" ಮುಗಿದಿದ್ದರೂ ಬರೆದುಕೊಳ್ಳಿ ಅಂತ ಅವನು ಹಟ ಹಿಡಿದ. ಬರೆದುಕೊಂಡರು. ಅವನ ಮೇಸ್ತ್ರಿಕೆ ಹೋಯಿತು. ಗುಜರಿ ಬೋಗಿಗಳನ್ನು ಒಡೆಯುವ ಶೆಡ್ಡಿಗೆ ಹಾಕಿದರು.

ಅಣ್ಣ-ತಮ್ಮ ಇಬ್ಬರೂ ಬೇರೆ ಬೇರೆಯಾಗಿ ಅವಳ ಅಕ್ಕನ ಮನೆಗೆ ಹೋದರು. ತಮ್ಮ ಮೊದಲು ಹೋಗಿಬಂದ. ಬರಿಗೈಲಿ ಬಂದ. ಮೇಸ್ತ್ರಿ ಹೋದಾಗ ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಡ್‌ಶೀಟ್ ಮಡಿಸುತ್ತಿದ್ದಳು. ಆವಿಗೆ ಗೋಡೆಯೆಲ್ಲ ಒದ್ದೆ. ಕೂತ್ಕೊಳ್ಳಿ ಅನ್ನಲಿಲ್ಲ. ಅವನು ನಿಂತೇ ಹೇಳಿದ, ಗೇಟಿನ ಹತ್ತಿರ ನೆನಪಾದದ್ದರಿಂದ ಹಿಡಿದು ಎಲ್ಲ.

ಅವಳು ಕೈಯಲ್ಲಿದ್ದ ಶೀಟನ್ನು ಪೂರ್ತಿ ಮಡಿಸಿ ಇಟ್ಟ ಮೇಲೆ ಮಾತಾಡಿದಳು.

"ಭಾವ, ನೀವು ಹೇಳಿದ ಜಾಗ ಯಾವುದು ಅಂತ ದಿನಾ ಹುಡುಕ್ತಿದ್ದೆ. ಮಂಚದ ಹತ್ರಾನಾ, ಮೆಟ್ಟಿಲ ಹತ್ರಾನಾ ಅಂತ. ಹುಡುಕಿ ಹುಡುಕಿ ಸಿಕ್ಕಿಬಿಟ್ಟಿತ್ತು. ಮೆಟ್ಟಿಲ ಮೇಲೆ ನಿಂತು, ಕೈ ಅಲ್ಲಾಡಿಸಿ, ಕೆಂಡ ತರಬೇಡಮ್ಮ ಅಂತೀರಿ. ನಾನು ಹೂಂ ಅಂತೀನಿ. ಅಷ್ಟು ಚೆನ್ನಾಗಿ ಕಾಣ್ತಿತ್ತು. ನಾನೇ ಕೊಂದೆ ಅಂತ ಎರಡು ತಿಂಗಳು ಅನ್ನ ತಿಂದಿದೀನಿ."

ಮೇಸ್ತ್ರಿ ಕೈ ಮುಗಿದ. ಅವಳು ಮುಖ ತಿರುಗಿಸಿದಳು.

"ಮನೆಗೆ ಬಾ ತಾಯಿ. ಅವನು ತುಂಬಾ ನೊಂದಿದಾನೆ."

"ನೋಯಲಿ. ಏಳು ವರ್ಷ ಅವರ ತಾಯಿ ಕಾಲು ತಿಕ್ಕಿದ್ದು ನೋಡಿದೋರು ಅವರು. ನಿಮ್ಮ ಒಂದು ಮಾತಿಗೆ ಬೆಂಚಿನ ಮೇಲೆ ಸರಿದು ಕೂತ್ರು. ಅದನ್ನ ನೀವು ವಾಪಸ್ ತಗೊಳ್ಳೋಕಾಗಲ್ಲ." ಆಮೇಲೆ ಒಳಗೆ ಕೂಗಿದಳು: "ಅಕ್ಕಾ, ನಿಮ್ಮ ಯಜಮಾನ್ರನ್ನ ಕರಕೊಂಡು ಬಾ. ಇವರೇನೋ ಹೇಳಬೇಕಂತೆ."

ಅವರು ಬಂದು ನಿಂತರು. ಮೇಸ್ತ್ರಿ ಮೊದಲಿನಿಂದ ಮತ್ತೆ ಹೇಳಿದ. ಮುಂದಿನ ಕೌಂಟರಿನಲ್ಲಿದ್ದ ಕೆಲಸದವಳನ್ನೂ ಅವಳು ಕರೆಸಿದಳು. ಅವನು ಮೂರನೇ ಸಲ ಹೇಳಿದ. ಅಷ್ಟು ಹೊತ್ತೂ ಅವಳು ಕೈಕಟ್ಟಿ ನಿಂತು, ಒಂದು ಅಕ್ಷರವೂ ಬಿಟ್ಟುಹೋಗದ ಹಾಗೆ ಕೇಳಿಸಿಕೊಂಡಳು. ಮುಗಿದ ಮೇಲೆ "ಸಾಕು" ಅಂದು, ಕುಕ್ಕೆಯಿಂದ ಇನ್ನೊಂದು ಶೀಟು ತೆಗೆದು ಅಕ್ಕನ ಕೈಗೆ ಅದರ ಒಂದು ತುದಿ ಕೊಟ್ಟಳು.

ಅವಳು ವಾಪಸ್ ಬರಲಿಲ್ಲ. ತಮ್ಮ ಬೇರೆ ಗ್ಯಾಂಗಿಗೆ ವರ್ಗ ಕೇಳಿ ದೂರ ಹೋದ. ಹೋಗುವಾಗ ಅಣ್ಣನಿಗೆ ಹೇಳಿ ಹೋಗಲಿಲ್ಲ. ಮೇಸ್ತ್ರಿಗೆ ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಆ ಮೂರು ವರ್ಷವೂ ಗುಜರಿ ಶೆಡ್ಡಿನಲ್ಲಿ ಹಳೇ ಬೋಗಿಗಳ ತಗಡು ಕಿತ್ತ. ಅಲ್ಲಿ ಅವನನ್ನು ಗಾಳಿ ಮೇಸ್ತ್ರಿ ಅಂತ ಕರೆಯುವವರು ಯಾರೂ ಇರಲಿಲ್ಲ.