ಕಿಡಿ ಹಾರದ ಮೋಟಾರು

ಮತ್ತೆ ಎಳೆದ, ಹಗ್ಗ ಸರ್ರನೆ ಬಿಚ್ಚಿಕೊಂಡು ಬಂದು ಅವನ ಕೋಟಿನ ಗುಂಡಿಗೇ ಬಡಿಯಿತು, ಮೋಟಾರು ಗುರ್ ಎಂದು ಸುಮ್ಮನಾಯಿತು, ಓವರ್‌ಸಿಯರ್ ರಾಮಲಿಂಗಯ್ಯ ಅಂತೆ ಇವನು, ರಸ್ತೆ ಹಾಕಿಸುವವನು ಅಂತೆ, ಒಂದು ಹಗ್ಗ ಎಳೆಯಲು ಬಾರದವನಿಗೆ ಪೇಟ ಬೇರೆ ಕೇಡು — ಭುಜದಿಂದ ಎಳೀಬೇಕು ಸ್ವಾಮಿ, ಹೊಟ್ಟೆಯಿಂದಲ್ಲ, ಎಂದೆ, ಹಲ್ಲು ಕಾಣಿಸದ ಹಾಗೆ ನಕ್ಕೆ. ಮೀನು ಹಿಡಿಯಲು ಬಂದ ಯಾವನೋ ದೊರೆ ಬಿಟ್ಟುಹೋದ ದೋಣಿ, ಅದರ ಹಿಂಬದಿಗೆ ನೇತುಹಾಕಿದ ಸೀಮೆ ಮೋಟಾರು, ಕನಕಪುರ ಸೀಮೆಯಲ್ಲೆಲ್ಲ ಅದರ ಹೊಟ್ಟೆ ಬಿಚ್ಚಿ ನೋಡಿದವನು ನಾನೊಬ್ಬನೇ, ಚನ್ನಪಟ್ಟಣದಿಂದ ಅಳಿಯನಾಗಿ ಬಂದ ಬೊಂಬೆ ಕಡೆಯುವ ಇದ್ರೀಸ್, ಉಳಿದವರಿಗೆ ಅದು ಸದ್ದು ಮಾಡುವ ಕಬ್ಬಿಣದ ಕೋಣ. ಅಗೋ ಗಂಗಹನುಮಯ್ಯ, ತನ್ನ ಹರಿಗೋಲನ್ನು ಬೋರಲು ಹಾಕಿ ಅದರ ಮೇಲೆ ಕುಂಡೆ ಊರಿ ಬೀಡಿ ಸೇದುತ್ತಿದ್ದಾನೆ, ಏನ್ ಸಾಬ್ರೇ, ನಿಮ್ ಮೋಟ್ರುಗೆ ನೆಗಡಿ ಆಗೈತಾ, ನಮ್ ಹರಿಗೋಲಿಗೆ ಮೂಗೇ ಇಲ್ಲ ಕಣಿ — ಇಲ್ಲವಪ್ಪ, ಮೂಗೂ ಇಲ್ಲ ಬುದ್ಧಿಯೂ ಇಲ್ಲ, ಮೂರು ತಲೆಮಾರಿನಿಂದ ನೀರಲ್ಲಿ ಗಿರಗಿರ ತಿರುಗಿ ಈಗ ಅರ್ಕಾವತಿ ಒಸಿ ಉಕ್ಕಿ ಕೆಂಪಾಗಿ ಹರಿದರೆ ದಡ ಹಿಡಿದು ಕೂರುವ ಜಾತಿ. ನೀರಿನಾಚೆ ಕೆಂಚಮ್ಮ ನಿಂತೇ ಇದ್ದಾಳೆ, ಪಕ್ಕದಲ್ಲಿ ಆರು ಮಂಕರಿ ರೇಷ್ಮೆಗೂಡು, ಮೇಲೆ ಗೋಣಿತಾಟು, ಗಂಡ ಹೋದ ಮೇಲೆ ಒಬ್ಬಳೇ ಸೊಪ್ಪು ಕೊಯ್ದು ಹುಳ ಸಾಕಿ ತೆಗೆದ ಮೊದಲ ಬೆಳೆ, ಗೂಡು ಕಟ್ಟಿ ಹತ್ತು ದಿನವಾಯಿತು, ಬಿಸಿಲಿಗೆ ಹರವಿ ಒಳಗಿನ ಹುಳ ಸಾಯಿಸೋಣವೆಂದರೆ ನಾಲ್ಕು ದಿನದಿಂದ ಬಿಸಿಲಿನ ಮುಖವಿಲ್ಲ, ಇವತ್ತು ಈಚೆಗೆ ಬಂದು ನನ್ನ ಹೆಂಡತಿ ಜೈನಬಳ ನೂಲು ಬಿಚ್ಚುವ ಒಲೆಯ ಹಬೆಗೆ ಬೀಳದಿದ್ದರೆ ಒಳಗಿನ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ, ತೂತು ಬಿದ್ದ ಗೂಡಿನಲ್ಲಿ ಎಳೆ ಬಿಚ್ಚುವುದಿಲ್ಲ, ಕಸ. ಕ್ಲೋಸ್‌ಪೇಟೆಯ ಸೇತುವೆ ಸುತ್ತಿ ಬರಲು ಎತ್ತಿನ ಗಾಡಿಗೆ ಎರಡು ದಿನ ಬೇಕು.

ಎಲ್ಲವನ್ನೂ ನೋಡಿದ್ದಾಯಿತು, ಟ್ಯಾಂಕಿನ ತಳದಲ್ಲಿ ನೀರಿಲ್ಲ, ನಳಿಗೆಯಲ್ಲಿ ಪೆಟ್ರೋಲು ಸಲೀಸಾಗಿ ಹರಿಯುತ್ತದೆ, ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿ ಕೆಂಡದ ಮೇಲೆ ಹಿಡಿದು ಒಣಗಿಸಿ ಹಾಕಿದೆ, ಹತ್ತಲಿಲ್ಲ, ಮತ್ತೆ ಬಿಚ್ಚಿದರೆ ಮತ್ತೆ ಒದ್ದೆ, ತುದಿಯೆಲ್ಲ ಕರಿ. ಪೆಟ್ರೋಲಿಗೆ ಎಣ್ಣೆ ಜಾಸ್ತಿ ಸುರಿದಿದ್ದೀರಿ ಸ್ವಾಮಿ, ಇದೇನು ಮಗುವಿನ ನೆತ್ತಿಯಾ, ಎಂದೆ ಎಲ್ಲರೆದುರಿಗೇ, ಅವನ ಮುಖ ಬಾಡಿತು, ದೊರೆ ಬರೆದಿಟ್ಟ ಅಳತೇನೇ ಇದ್ರೀಸ್, ಒಂದು ತೊಟ್ಟೂ ಹೆಚ್ಚು ಹಾಕಿಲ್ಲ — ಅಳತೆಯಂತೆ, ಇಂಗ್ಲಿಷು ಓದಿದ ಮಾತ್ರಕ್ಕೆ ಯಂತ್ರದ ಮನಸ್ಸು ತಿಳಿಯುತ್ತದೆಯೇ, ಇದ್ದುದನ್ನೆಲ್ಲ ಚೆಲ್ಲಿಸಿ ಹೊಸದಾಗಿ ಬೆರೆಸಿದೆ, ಕೂಲಿಯವನಂತೆ ಡಬ್ಬ ಹಿಡಿದು ನಿಂತಿದ್ದ ಪಾಪದವನು. ಬೆಳಿಗ್ಗೆ ಇನ್ನೊಂದು ಬುದ್ಧಿ ಓಡಿಸಿದ್ದ, ತಾಜ್ ಪಾಷಾನ ಬಸ್ಸಲ್ಲಿ ಹೊಸಾ ಪ್ಲಗ್ಗು ಐತಂತೆ, ಬಸ್ಸು ಮೂರು ಗಂಟೆಗೆ ಬೆಂಗಳೂರಿಗೆ ಹೊರಡೋದು, ತರಿಸ್ಲಾ — ಬಸ್ಸಿಂದು ಬಸ್ಸಿಗೆ ಸ್ವಾಮಿ, ದೋಣೀದು ದೋಣಿಗೆ, ನಾನು ಕೈ ಇಟ್ಟಿರೋ ಪ್ಲಗ್ಗು ಇದು, ಎಂದು ಬಾಯಿ ಮುಚ್ಚಿಸಿದೆ, ಎರಡರ ತಿರುಪೂ ಒಂದೇ, ಅದು ಇದಕ್ಕೂ ಕೂರುತ್ತದೆ ಎಂದು ನನಗೆ ಗೊತ್ತಿಲ್ಲವೇ, ಗೊತ್ತು, ಆದರೆ ತಾಜ್ ಪಾಷಾನ ಮುಂದೆ ಕೈಚಾಚುವುದುಂಟೆ, ಸ್ಟಿಯರಿಂಗು ಹಿಡಿದ ಮಾತ್ರಕ್ಕೆ ಮಿಸ್ತ್ರಿ ಎನಿಸಿಕೊಂಡವನು, ನನ್ನನ್ನು ಕಂಡಾಗಲೆಲ್ಲ ಏನ್ಲಾ ಬೊಂಬೆ ಎನ್ನುವವನು. ಹೋದ ವಾರ ಇದೇ ಪ್ಲಗ್ಗಿನ ಪಿಂಗಾಣಿ ಒಳತುದಿಯಲ್ಲಿ ಕೂದಲಿನಷ್ಟು ಬಿರುಕು ಬಿಟ್ಟಾಗ ಅವನು ಬಿಸಾಕು ಅಂದಿದ್ದ, ನಾನು ಬಿಸಾಕಲಿಲ್ಲ, ಪಿಂಗಾಣಿಯನ್ನು ಹೊರಗೆ ತೆಗೆದು ಬೊಂಬೆ ಕಡೆಯುವ ಕೈಲೇತಿಗೆ ಸಿಕ್ಕಿಸಿ, ತಿರುಗುವಾಗ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟೆ, ಬಿರುಕು ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ, ಮೋಟಾರು ಒಂದೇ ಎಳೆತಕ್ಕೆ ಹತ್ತಿತು, ದೋಣಿ ಒಂದು ಸುತ್ತು ಹೋಗಿ ಬಂತು, ಇದೇ ರಾಮಲಿಂಗಯ್ಯ ಕೈ ಮುಗಿದ, ನಿನ್ನ ಕೈಗುಣಾನೇ ಬೇರೆ ಕಣಯ್ಯ. ಬೇರೆಯೇ, ಸುಳ್ಳೇನು, ಈ ದಡ್ಡರ ನಡುವೆ ಬೇರೆಯಲ್ಲದೆ ಇನ್ನೇನು.

ಈಗ ಕೊನೆಯ ಪರೀಕ್ಷೆ, ಪ್ಲಗ್ಗು ಬಿಚ್ಚಿ ತಂತಿ ಸಿಕ್ಕಿಸಿ ಮೋಟಾರಿನ ಮೈಗೆ ಒತ್ತಿ ಹಿಡಿದೆ, ಎಳೀರಿ ಸ್ವಾಮಿ, ಎಳೆದ, ಕಿಡಿ ಇಲ್ಲ, ಇನ್ನೊಂದು ಸಲ, ಇಲ್ಲ, ಬರಿಯ ತಂತಿಯ ತುದಿಯನ್ನು ಮೈಗೆ ಹತ್ತಿರ ಹಿಡಿದರೆ ಪಟ್ ಎಂದು ನೀಲಿ ಕಿಡಿ, ಅಲ್ಲಿಗೆ ಉಳಿದದ್ದೆಲ್ಲ ನೆಟ್ಟಗಿದೆ, ತಪ್ಪು ಪ್ಲಗ್ಗಿನದು, ಇದೇ ಕರಿ, ಇವನ ಎಣ್ಣೆಯ ಕರಿ, ಉಗುರಿನಿಂದ ಕೆರೆದೆ, ಮಸಿಯಾದರೆ ಪುಡಿಯಾಗಿ ಉದುರಬೇಕು, ಉದುರಲಿಲ್ಲ, ಜಿಗುಟು, ಗಾಜಿನ ಹಾಗೆ ಗಟ್ಟಿ, ಇನ್ನೂ ಒತ್ತಿ ಕೆರೆದೆ — ಕೆಂಪು. ಕರಿಯ ಕೆಳಗೆ ಕೆಂಪು, ಬೊಂಬೆಗೆ ಬಳಿಯುವ ಅರಗಿನ ಕೆಂಪು, ಬಿಸಿಗೆ ಕರಗಿ ಇಳಿದು ಸುಟ್ಟು ಕಿಡಿ ಹಾರುವ ಸಂದಿಗೇ ಬಿರಡೆ ಹಾಕಿ ಕೂತಿದೆ, ಅರಗು ಬೆಂಕಿಗೆ ಕರಗುತ್ತದೆಂದು ನನಗೆ ಯಾರು ಹೇಳಬೇಕಿತ್ತು, ನನ್ನಪ್ಪ, ಅವನಪ್ಪ, ಎಲ್ಲರೂ ಕರಗಿಸಿಯೇ ಅನ್ನ ತಿಂದವರು, ಕೆರೆದು ತೆಗೆದರೆ ಬಿರುಕು ಬಾಯಿ ತೆರೆಯುತ್ತದೆ, ತೆಗೆಯದಿದ್ದರೆ ಕಿಡಿ ಇಲ್ಲ. ಇನ್ನೂ ಹೊತ್ತು ಇದೆ, ಎರಡೂವರೆ ಆಗಿರಬಹುದು, ಬಸ್‌ಸ್ಟ್ಯಾಂಡಿಗೆ ಆಳು ಓಡಿದರೆ ಹೊಸ ಪ್ಲಗ್ಗು ಸಿಗುತ್ತದೆ, ಒಂದು ಮಾತು, ಸ್ವಾಮಿ ತಪ್ಪು ನಂದು ಎಂಬ ಒಂದು ಮಾತು. ರಾಮಲಿಂಗಯ್ಯ ಬಗ್ಗಿದ, ಪಾಪ, ಬೆವರುತ್ತಿದ್ದಾನೆ, ಏನಾಯ್ತು ಇದ್ರೀಸ್, ನನ್ನ ಎಣ್ಣೇದೇನಾ ಮಸಿ, ತೋರ್ಸು — ಹೂಂ ಸ್ವಾಮಿ, ಮಸಿ, ಎಂದೆ, ಬೆರಳು ಮಡಿಚಿದೆ, ಪ್ಲಗ್ಗನ್ನು ತಿರುವಿ ಮತ್ತೆ ಕೂರಿಸಿದೆ, ಎಳೀರಿ, ಅವನು ಎಳೆದ, ನಂಬಿ ಎಳೆದ, ನಂಬಿಯೇ ಎಳೆಯುತ್ತಿದ್ದಾನೆ, ಕನಕಪುರದ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು, ಎರಡು ಸಲ, ಆಮೇಲೆ ದೂರ. ಆಚೆ ದಡದಲ್ಲಿ ಕೆಂಚಮ್ಮ ಗೋಣಿತಾಟು ಎತ್ತಿ ಮಂಕರಿಯೊಳಗೆ ನೋಡಿದಳು, ಕೈ ಹಾಕಿ ಏನನ್ನೋ ತೆಗೆದು ಕೆಳಗೆ ಬಿಟ್ಟಳು, ಇನ್ನೊಂದು ತೆಗೆದಳು, ನೆಲದ ಮೇಲೆ ಕೂತುಬಿಟ್ಟಳು, ಸಾಬ್ರೇ ಚಿಟ್ಟೆ ಬಂದ್ಬುಟ್ವು ಅನ್ಸುತ್ತೆ, ಗಂಗಹನುಮಯ್ಯನ ದನಿ, ಈಗ ಅದರಲ್ಲಿ ನಗುವಿಲ್ಲ, ನಾನು ತಿರುಗಿ ನೋಡಲಿಲ್ಲ, ಬೆರಳು ಬಿಚ್ಚಿದೆ, ಉಗುರಿನಲ್ಲಿ ಕೆಂಪು, ಪಂಚೆಗೆ ಒರೆಸಿದೆ, ಉಗುರಿನಲ್ಲಿ ಕೆಂಪು, ನೀರಿಗೆ ಅದ್ದಿ ಉಜ್ಜಿದೆ, ಅರಗಿಗೆ ನೀರು ಹತ್ತುವುದಿಲ್ಲ, ಉಗುರಿನಲ್ಲಿ ಕೆಂಪು.