ಸೌಟಿನ ಹಿಡಿ

ತಯ್ಯಬ್ ಹ್ಯಾಂಡಲ್ ಕೊಟ್ಟು ತಿರುವಿದ, ಲಾರಿ ಎದ್ದಿತು. ಗುರುಗುಟ್ಟುತ್ತಾ ಶೆಡ್ಡಿನಿಂದ ಹೊರಗೆ ಬಂದು, ರಸ್ತೆಯ ಕಡೆ ತಿರುಗುವಷ್ಟರಲ್ಲಿ ಮತ್ತೆ ಸುಮ್ಮನಾಯಿತು. ಒಳಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದ ಜಮೀಲುನ್ನೀಸಾ ಆ ಸದ್ದು ನಿಂತ ಬಗೆಯನ್ನು ಕೇಳಿ ತಲೆ ಎತ್ತಿದಳು. ಬೆಳಗಿನಿಂದ ಅವಳು ತಲೆ ಎತ್ತಿದ್ದು ಅದೇ ಮೊದಲು.

ಹೊರಗೆ ಜಗುಲಿಯ ಮೇಲೆ ಅವಳ ಗಂಡ ಗುಲಾಮ್ ಮುಸ್ತಫಾ ಬಿಳಿ ಕಫನ್ ಬಟ್ಟೆಯಲ್ಲಿ ಮಲಗಿದ್ದ. ಬಾಳೂರಿನ ಮಂಜಯ್ಯನವರ ಎಸ್ಟೇಟಿನಲ್ಲಿ ಲಾರಿ ಓಡಿಸುತ್ತಲೇ ಗಡ್ಡ ನೆರೆಸಿದವನು. ನಿನ್ನೆ ಸಂಜೆ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಇಳಿಸಿ ಬಂದು, ಎದೆ ಯಾಕೋ ಹಿಡಿದ ಹಾಗೆ ಆಗುತ್ತಿದೆ ಎಂದು ಗೋಡೆಗೆ ಒರಗಿದ. ಇವಳು ಕಾಫಿ ಕಾಸಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾರಿಗೂ ಕಷ್ಟ ಕೊಡದೆ ಹೋದ ಪುಣ್ಯಾತ್ಮ ಎಂದು ಬಂದವರೆಲ್ಲ ಹೇಳಿದರು. ಅವನ ಲಾರಿಗೆ ಮಾತ್ರ ಆ ಬುದ್ಧಿ ಇರಲಿಲ್ಲ.

ಅವನ ಮಯ್ಯತ್ತು ಮಣ್ಣಾಗಲು ಗೋಣಿಬೀಡಿಗೆ ಹೋಗಬೇಕಿತ್ತು. ಮೂಡಿಗೆರೆ ದಾಟಿ ಇನ್ನೂ ಆಚೆ, ಒಟ್ಟು ಇಪ್ಪತ್ತು ಮೈಲಿಗೂ ಮೇಲೆ. ಅಲ್ಲಿಯ ಖಬರಸ್ತಾನದಲ್ಲಿ, ನೇರಳೆ ಮರದ ಬುಡದಲ್ಲಿ, ಅವರ ಒಬ್ಬಳೇ ಮಗಳು ಅನ್ವರಿಯನ್ನು ಮಣ್ಣು ಮಾಡಿದ್ದರು. ತನ್ನನ್ನೂ ಅವಳ ಪಕ್ಕದಲ್ಲೇ ಇಡಬೇಕೆಂದು ಮುಸ್ತಫಾ ಒಂದೇ ಒಂದು ಸಲ ಹೇಳಿದ್ದ. ಅವನು ಯಾವ ಮಾತನ್ನೂ ಎರಡು ಸಲ ಹೇಳುವವನಲ್ಲ.

ಹೊತ್ತು ಮುಳುಗುವ ಮುಂಚೆ ಮಣ್ಣಾಗಬೇಕು. ಯುದ್ಧ ಶುರುವಾದ ಮೇಲೆ ಪೆಟ್ರೋಲಿಗೂ ಚೀಟಿ. ಬಸ್ಸು ಇದ್ದಿಲಿನ ಹೊಗೆ ಕುಡಿದು ಓಡುತ್ತಿತ್ತು; ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಹೆಣ ಹತ್ತಿಸಿಕೊಳ್ಳುವುದಿಲ್ಲ. ಉಳಿದದ್ದು ಮುಸ್ತಫಾನ ಲಾರಿಯೊಂದೇ. ಮಂಜಯ್ಯನವರು ಯಾರೂ ಕೇಳುವ ಮೊದಲೇ ಲಾರಿ ಬಿಟ್ಟುಕೊಟ್ಟು, ತಮ್ಮ ಪಾಲಿನ ಪೆಟ್ರೋಲನ್ನೂ ಹಾಕಿಸಿದ್ದರು.

ಓಡಿಸುವುದಕ್ಕೆ ತಯ್ಯಬ್ ಇದ್ದ. ಮುಸ್ತಫಾನ ತಮ್ಮ, ಗೋಣಿಬೀಡಿನಲ್ಲಿ ಮೋಟಾರು ರಿಪೇರಿ ಮಾಡಿಕೊಂಡಿರುವವನು. ಸುದ್ದಿ ಮುಟ್ಟಿದ್ದೇ ಸೈಕಲ್ಲು ತುಳಿದುಕೊಂಡು ಬೆಳಕು ಹರಿಯುವಾಗ ಬಂದು ಮುಟ್ಟಿದ. ಅಣ್ಣನ ಮುಖ ನೋಡಿ ಅತ್ತ. ಆಮೇಲೆ, ಅಣ್ಣನ ಜನಾಜಾ ಹೊರುವ ಗಾಡಿ ಪಾಕ್ ಆಗಿರಬೇಕೆಂದು ಲಾರಿಯನ್ನು ತೊಳೆಯಲು ನಿಂತ. ವರ್ಷಗಟ್ಟಲೆ ಕೂತಿದ್ದ ಧೂಳು, ಎಣ್ಣೆ, ಕಾಫಿ ಹೊಟ್ಟು, ಎಲ್ಲವನ್ನೂ ಉಜ್ಜಿ ತೆಗೆದ. ಲಾರಿ ಮದುವೆಗೆ ಹೊರಟ ಹಾಗೆ ಫಳಫಳ ಹೊಳೆಯಿತು. ಆದರೆ ಆಗಿನಿಂದ ಅದು ಶೆಡ್ಡಿನ ಬಾಗಿಲು ದಾಟಿ ಒಂದು ಮಾರು ಹೋಗಿಲ್ಲ.

ನೀರು ಎಲ್ಲಾದರೂ ಹೊಕ್ಕಿರಬೇಕೆಂದು ತಯ್ಯಬ್ ಪ್ಲಗ್ಗುಗಳನ್ನು ಬಿಚ್ಚಿ ಒಣಗಿಸಿದ. ಪಾಯಿಂಟು ಉಜ್ಜಿದ. ಪೆಟ್ರೋಲು ಬರುವ ಕೊಳವೆ ಕಳಚಿ ಬಾಯಲ್ಲಿ ಊದಿದ. ಪ್ರತಿ ಸಲವೂ ಎಂಜಿನ್ನು ಏಳುತ್ತದೆ, ಲಾರಿ ಹೊರಗೆ ಬರುತ್ತದೆ, ನಿಲ್ಲುತ್ತದೆ, ಆಳುಗಳು ಮತ್ತೆ ಒಳಕ್ಕೆ ನೂಕುತ್ತಾರೆ. ತೋಟದ ಆಳು ದ್ಯಾವಮ್ಮ ಒಳಗೂ ಹೊರಗೂ ಓಡಾಡುತ್ತಾ ಇದನ್ನೆಲ್ಲ ಬಂದು ಜಮೀಲುನ್ನೀಸಾಳಿಗೆ ಹೇಳುತ್ತಿದ್ದಳು. ಇಬ್ಬರೂ ಬೇಲಿಯ ಆಚೆ ಈಚೆ ಬದುಕಿದವರು. ಒಬ್ಬರ ಒಲೆಯ ಕೆಂಡ ಇನ್ನೊಬ್ಬರ ಒಲೆಗೆ ಹೋಗುತ್ತಿದ್ದ ಕಾಲದಿಂದ ಗೊತ್ತಿದ್ದವರು.

ನೆರಳು ಅಂಗಳದ ಅರ್ಧಕ್ಕೆ ಬಂದಾಗ ಮಂಜಯ್ಯನವರ ದನಿ ಕೇಳಿಸಿತು.

"ತಯ್ಯಬ್, ಹೊತ್ತು ಯಾರಿಗೂ ಕಾಯಲ್ಲ ಮಾರಾಯ. ಮೇಲಿನ ಗುಡ್ಡದಲ್ಲಿ ಹಲಸಿನ ಮರದ ಹತ್ರ ಜಾಗ ಕೊಡ್ತೀನಿ. ನನ್ನ ಜಾಗ, ಯಾರೂ ಕೇಳೋರಿಲ್ಲ. ಅವ್ನು ಇಲ್ಲೇ ಜೀವ ಸವೆಸ್ದೋನು, ಇಲ್ಲೇ ಮಲಗ್ಲಿ."

ಅದು ಬಾಯಿಮಾತಲ್ಲ. ಹಿರಿಯರು ಒಬ್ಬೊಬ್ಬರಾಗಿ ಹೌದೆಂದರು. ಗುದ್ದಲಿ ತರಲು ಯಾರೋ ಹೊರಟಿದ್ದೂ ಕೇಳಿಸಿತು.

ಜಮೀಲುನ್ನೀಸಾಳಿಗೆ ಭಯವಾಯಿತು. ಬೇಡವೆನ್ನುವವರ ಜೊತೆ ಜಗಳವಾಡಬಹುದು. ಇಷ್ಟು ಒಳ್ಳೆಯ ಮನಸ್ಸಿನಿಂದ ಕೊಡುವವರಿಗೆ ಏನು ಹೇಳುವುದು? ಗುಡ್ಡದ ಮೇಲೆ ಅವನೊಬ್ಬ, ನೇರಳೆ ಮರದ ಕೆಳಗೆ ಅವಳೊಬ್ಬಳು. ಹಾಗಾಗಕೂಡದು.

"ದ್ಯಾವಮ್ಮ, ತಯ್ಯಬ್‌ನ ಪರದೆ ಹತ್ರ ಕರಿ," ಎಂದಳು.

ಪಕ್ಕದಲ್ಲಿ ತಸ್ಬಿಯ ಮಣಿ ಎಣಿಸುತ್ತಿದ್ದ ಮುದುಕಿ ರೌಶನ್ ಬೀ, ಮುಸ್ತಫಾನ ಸೋದರತ್ತೆ, ಅವಳ ಮಣಿಕಟ್ಟು ಹಿಡಿದಳು. ಗಂಡನನ್ನು ಕಳೆದುಕೊಂಡು ಇದ್ದತ್ತಿಗೆ ಕೂತ ಹೆಂಗಸು ಅದೇ ದಿನ ಮೈದುನನ ಜೊತೆ ಮಾತಿಗೆ ನಿಂತರೆ ಜನ ಏನಂದಾರು ಎಂದು ಗದರಿದಳು. ಜಮೀಲುನ್ನೀಸಾ ಕೈ ಬಿಡಿಸಿಕೊಳ್ಳಲಿಲ್ಲ, ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದ್ಯಾವಮ್ಮ ಇಬ್ಬರ ಮುಖವನ್ನೂ ನೋಡಿ ಹೊರಗೆ ನಡೆದಳು.

*

ವರ್ಷಗಳ ಹಿಂದಿನ ಮಾತು, ಕಾಫಿ ಹಣ್ಣು ಕೊಯ್ಲಿನ ಕಾಲ. ಅನ್ವರಿಗೆ ಮೂರು ದಿನದಿಂದ ಇಳಿಯದ ಜ್ವರ. ಮೂಡಿಗೆರೆ ಆಸ್ಪತ್ರೆಗೆ ಹೋಗೋಣವೆಂದು ಮುಸ್ತಫಾ ಬೆಳಿಗ್ಗೆಯೇ ಲಾರಿ ತೆಗೆದ. ಜಮೀಲುನ್ನೀಸಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

ಕಾಫಿ ಒಣಗಿಸುವ ಕಣದ ತಿರುವಿನಲ್ಲಿ ಲಾರಿ ನಿಂತಿತು. ಅವನು ಇಳಿದು ಹ್ಯಾಂಡಲ್ ಹೊಡೆದ, ಹೊರಟಿತು. ಮೋರಿಯ ಹತ್ತಿರ ನಿಂತಿತು. ಬಸರಿ ಮರದ ಹತ್ತಿರ ನಿಂತಿತು. ಪ್ರತಿ ಸಲ ಇಳಿದ, ಮುಚ್ಚಳ ಎತ್ತಿದ, ಏನೇನೋ ಮುಟ್ಟಿದ, ಮತ್ತೆ ಹೊಡೆದ. ಒಂದು ಕಡೆ ಅವನು ಎಂಜಿನ್ನಿಗೆ ಹಣೆ ಹಚ್ಚಿ ನಿಂತದ್ದನ್ನು ಅವಳು ಗಾಜಿನಿಂದ ನೋಡಿದಳು. ಮೂಡಿಗೆರೆ ಮುಟ್ಟುವ ಮೊದಲೇ ತೊಡೆಯ ಮೇಲಿನ ಬಿಸಿ ಆರಿತು. ಲಾರಿ ಆಸ್ಪತ್ರೆಯ ಮುಂದೆ ನಿಲ್ಲಲಿಲ್ಲ. ನೇರ ಗೋಣಿಬೀಡಿಗೆ ಹೋಯಿತು.

ಮನೆಗೆ ಮರಳಿದ ಮೇಲೆ ಅವನು ಲಾರಿಯನ್ನು ಅಂಗಳದಲ್ಲಿ ನಿಲ್ಲಿಸಿ ಬಿಚ್ಚತೊಡಗಿದ. ಊಟ ಬಿಟ್ಟ, ಮಾತು ಬಿಟ್ಟ. ಎಂಜಿನ್ನಿನ ಅಂಗಾಂಗವೆಲ್ಲ ಗೋಣಿಯ ಮೇಲೆ ಬಂದು ಕೂತರೂ ದೋಷ ಸಿಗಲಿಲ್ಲ. ಅವಳು ಅನ್ನದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವಳು ಹೇಳಿದಳು:

"ಎಡಕ್ಕೆ ತಿರುಗಿಸ್ದಾಗ ಮಾತ್ರ ನಿಲ್ತಿತ್ತು."

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಆಮೇಲೆ ಅವಳನ್ನು ಸೀಟಿನ ಮೇಲೆ ಕೂರಿಸಿ, ಚಕ್ರ ಹಿಡಿದು ನಿಧಾನಕ್ಕೆ ಎಡಕ್ಕೆ ತಿರುಗಿಸಲು ಸನ್ನೆ ಮಾಡಿ, ತಾನು ಕೆಳಗೆ ತೂರಿ ಮಲಗಿದ. ಸ್ಟೇರಿಂಗಿನ ಕಂಬವನ್ನು ಮುಂದಿನ ಹಲಗೆಗೆ ಬಿಗಿದಿದ್ದ ಕಬ್ಬಿಣದ ಪಟ್ಟಿ ಬಿರುಕು ಬಿಟ್ಟಿತ್ತು. ಚಕ್ರ ಎಡಕ್ಕೆ ಹೋದಾಗಲೆಲ್ಲ ಕಂಬ ಬೆರಳಗಲ ಮೇಲೇಳುತ್ತಿತ್ತು. ಚಾವಿಯ ಹತ್ತಿರದಿಂದ ಕಂಬದ ಬದಿಯಲ್ಲೇ ಇಳಿಯುವ ತಂತಿಯ ಮೈ ಸವೆದು ತಾಮ್ರ ಕಾಣುತ್ತಿತ್ತು. ಕಂಬ ಎದ್ದಾಗ ತಂತಿ ಕಬ್ಬಿಣಕ್ಕೆ ತಾಗುತ್ತಿತ್ತು, ಕಿಡಿ ಆರುತ್ತಿತ್ತು. ಇಷ್ಟೇ.

ಅವನು ಎದ್ದು ನೇರ ಅಡಿಗೆಮನೆಗೆ ಬಂದ. ಗೋಡೆಗೆ ಸಿಕ್ಕಿಸಿದ್ದ ತೆಂಗಿನ ಚಿಪ್ಪಿನ ಸೌಟು ತೆಗೆದುಕೊಂಡ. ಕಾಫಿ ಮರದ ಗಟ್ಟಿ ಹಿಡಿ ಅದಕ್ಕೆ. ಅರ್ಧ ಕತ್ತರಿಸಿದ, ತುದಿ ಕೆತ್ತಿದ, ಕಂಬದ ಸಂದಿಗೆ ಒತ್ತಿದ. ಕಂಬ ಮತ್ತೆ ಅಲುಗಲಿಲ್ಲ. "ಪೆಟ್ರೋಲ್ ಹೋದ್ರೆ ಕೆಮ್ಮಿ ಕೆಮ್ಮಿ ನಿಲ್ತದೆ. ಕಿಡಿ ಹೋದ್ರೆ ಒಂದೇ ಸಲಕ್ಕೆ ನಿಲ್ತದೆ," ಎಂದ. ಆ ದಿನ ಅವನಾಡಿದ ಮಾತು ಅದೊಂದೇ.

ಪಟ್ಟಿಗೆ ಬೆಸುಗೆ ಹಾಕಿಸು ಎಂದು ಮಂಜಯ್ಯನವರು ಎಷ್ಟೋ ಸಲ ಹೇಳಿದರು. ಅವನು ಇರಲಿ ಬಿಡಿ ಎನ್ನುತ್ತಿದ್ದ. ಎಡಕ್ಕೆ ತಿರುಗುವ ಮುಂಚೆ ಅವನ ಅಂಗೈ ಒಮ್ಮೆ ಆ ತುಂಡನ್ನು ಒತ್ತಿ ಬರುತ್ತಿತ್ತು. ಅವಳೂ ಹೊಸ ಸೌಟು ತರಿಸಲಿಲ್ಲ. ಗೇಣಿಗೂ ಸಾಲದ ಹಿಡಿಯಲ್ಲಿ ಕುದಿಯುವ ಸಾರು ಬಡಿಸಿ ಬೆರಳು ಸುಟ್ಟುಕೊಳ್ಳುತ್ತಿದ್ದಳು. ಯಾರಾದರೂ ಕೇಳಿದರೆ, ನಮ್ಮನೆ ಸೌಟಿಗೆ ಲಾರಿ ಓಡಿಸೋ ಕೆಲಸ ಸಿಕ್ಕಿದೆ ಎಂದು ನಗೆಯಾಡುತ್ತಿದ್ದಳು. ಎಡದ ತಿರುವಿನ ಮಾತನ್ನು ಅಂದು ದಾರಿಯಲ್ಲೇ ಯಾಕೆ ಆಡಲಿಲ್ಲವೆಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

*

ತಯ್ಯಬ್ ಬಂದು ಪರದೆಯ ಆಚೆ ನಿಂತ. ಅವನ ಎಣ್ಣೆ ಮೆತ್ತಿದ ಪಾದಗಳು ಕೆಳಗಿನಿಂದ ಕಾಣುತ್ತಿದ್ದವು.

"ತಯ್ಯಬ್, ಅದು ಕೆಮ್ಮಿ ನಿಲ್ತದಾ, ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ, ಭಾಬಿ."

"ಎಡಕ್ಕೆ ತಿರುಗಿಸುವಾಗ."

ಅವನು ಹೌದೆಂದ. ಶೆಡ್ಡಿನಿಂದ ರಸ್ತೆಗೆ ಬೀಳಬೇಕಾದರೆ ಎಡಕ್ಕೇ ತಿರುಗಬೇಕು, ಬೇರೆ ದಾರಿಯಿಲ್ಲ.

"ಸ್ಟೇರಿಂಗ್ ಕಂಬದ ಸಂದೀಲಿ ಒಂದು ಮರದ ತುಂಡಿತ್ತು. ಅದೆಲ್ಲಿ?"

ಪಾದಗಳು ಅರ್ಧ ಹೆಜ್ಜೆ ಹಿಂದೆ ಸರಿದವು.

"ಗಲೀಜಾಗಿತ್ತು, ಭಾಬಿ. ಜನಾಜಾ ಹೋಗೋ ಗಾಡಿ ಅಂತ ಕಿತ್ತು ತೆಗ್ದೆ. ಗುಸುಲಿಗೆ ನೀರು ಕಾಯ್ತಾ ಇತ್ತಲ್ಲ... ಆ ಒಲೆಗೇ ಹಾಕ್ದೆ."

ರೌಶನ್ ಬೀಯ ತಸ್ಬಿ ನಿಂತಿತು. ಜಮೀಲುನ್ನೀಸಾಳಿಗೆ ಸಿಟ್ಟು ಬರಲಿಲ್ಲ. ಅಷ್ಟು ವರ್ಷ ಅವನ ಅಂಗೈ ಮುಟ್ಟಿದ್ದ ಮರ, ಅವನ ಮೈ ತೊಳೆದ ನೀರನ್ನು ಕಾಯಿಸಿ ಬೂದಿಯಾಯಿತಲ್ಲ ಎನ್ನಿಸಿ, ಬೆಳಗಿನಿಂದ ಬಾರದಿದ್ದ ಅಳು ಒಮ್ಮೆಲೇ ಬಂತು. ಅತ್ತಳು. ಅಳುತ್ತಲೇ ಎದ್ದು ಅಡಿಗೆಮನೆಗೆ ಹೋದಳು. ಮುದುಕಿ ಈ ಸಲ ಅವಳ ಕೈ ಹಿಡಿಯಲಿಲ್ಲ.

ಸೌಟು ಗೋಡೆಯಲ್ಲಿತ್ತು. ಚಿಪ್ಪನ್ನು ಮಂಡಿಗೆ ಒತ್ತಿ ಹಿಡಿದು, ಉಳಿದಿದ್ದ ಮೋಟು ಹಿಡಿಯನ್ನು ತಿರುವಿ ತಿರುವಿ ಕಿತ್ತಳು. ಅದೇ ಕೋಲಿನ ಇನ್ನರ್ಧ. ಕತ್ತಿಯಿಂದ ಒಂದು ತುದಿಯನ್ನು ಅವನು ಕೆತ್ತಿದ್ದ ಹಾಗೆಯೇ ಕೆತ್ತಿ, ಪರದೆಯ ಕೆಳಗಿನಿಂದ ನೂಕಿದಳು.

"ದಪ್ಪ ತುದಿ ಮೇಲಕ್ಕೆ ಬರ್ಲಿ. ತಂತಿಗೆ ಬಟ್ಟೆ ಸುತ್ತು. ಸುತ್ತಿಗೇಲಿ ಹೊಡೀಬೇಡ, ಅಂಗೈಲಿ ಒತ್ತು. ಅವ್ರು ಹಾಗೇ ಮಾಡ್ತಿದ್ರು."

ಎಣ್ಣೆಯ ಕೈಯೊಂದು ಬಗ್ಗಿ ಅದನ್ನು ಎತ್ತಿಕೊಂಡಿತು.

*

ಲಾರಿ ಎದ್ದಿತು. ಶೆಡ್ಡಿನಿಂದ ಹೊರಗೆ ಬಂತು. ಎಡಕ್ಕೆ ತಿರುಗಿತು. ಸದ್ದು ತಗ್ಗಿತು, ಮತ್ತೆ ಏರಿತು, ರಸ್ತೆಗೆ ಬಿದ್ದು ನಿಂತಲ್ಲೇ ಗುರುಗುಟ್ಟಿತು. ಗುದ್ದಲಿಯನ್ನು ಕೆಳಗಿಡಲು ಹೇಳುವ ಮಂಜಯ್ಯನವರ ಮಾತು ಕೇಳಿಸಿತು. ಆಮೇಲೆ ಕಲಿಮಾದ ದನಿಗಳು ಜಗುಲಿಯಿಂದ ಎದ್ದು, ಅಂಗಳ ದಾಟಿ, ಲಾರಿಯ ಮೇಲಕ್ಕೆ ಏರಿದವು. ಮಂಜಯ್ಯನವರೂ ಕೋಟು ಬಿಚ್ಚಿ ಯಾರ ಕೈಗೋ ಕೊಟ್ಟು, ಹೆಗಲು ಕೊಟ್ಟು, ಹಿಂದೆಯೇ ಹತ್ತಿ ಕೂತರೆಂದು ದ್ಯಾವಮ್ಮ ಬಂದು ಹೇಳಿದಳು.

ಜಮೀಲುನ್ನೀಸಾ ಹಿಡಿಯಿಲ್ಲದ ಚಿಪ್ಪನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದಳು. ಕಣದ ತಿರುವಿನಲ್ಲಿ ಸದ್ದು ಕ್ಷಣ ಮರೆಯಾದಾಗ ಅವಳು ಚಿಪ್ಪನ್ನು ಎದೆಗೊತ್ತಿಕೊಂಡಳು. ಲಾರಿ ನಿಲ್ಲಲಿಲ್ಲ. ಮೋರಿ ದಾಟಿದ್ದೂ ತಿಳಿಯಿತು. ಬಸರಿ ಮರದ ಆಚೆಗೆ ಕಿವಿಗೆ ಏನೂ ಸಿಗದಾಯಿತು.

ದ್ಯಾವಮ್ಮ ತನ್ನ ಮನೆಯಿಂದ ಗಂಜಿಯ ಗಡಿಗೆ ತಂದಳು. ಸಾವಿನ ಮನೆಯಲ್ಲಿ ಅಡಿಗೆಗೆ ಒಲೆ ಹಚ್ಚುವುದಿಲ್ಲ.

"ಒಂದು ಗುಟುಕು ಕುಡೀರಿ ಬೂಬಮ್ಮ. ಅವ್ರು ಹೋಗಾಯ್ತು."

"ಇನ್ನೂ ಮುಟ್ಟಿಲ್ಲ," ಎಂದಳು ಜಮೀಲುನ್ನೀಸಾ.

ಅವಳು ಕಣ್ಣು ಮುಚ್ಚಿದ್ದಳು. ಕೈಯಲ್ಲಿದ್ದ ಚಿಪ್ಪು ಸ್ವಲ್ಪ ಹೊತ್ತು ನೆಟ್ಟಗಿರುತ್ತಿತ್ತು. ಆಮೇಲೆ, ದಾರಿಯಲ್ಲಿ ತಿರುವು ಬಂದ ಹಾಗೆ, ನಿಧಾನವಾಗಿ ಎಡಕ್ಕೆ ವಾಲಿ, ಮತ್ತೆ ನೆಟ್ಟಗಾಗುತ್ತಿತ್ತು. ದ್ಯಾವಮ್ಮ ಗಡಿಗೆ ಕೆಳಗಿಟ್ಟು ಎದುರಿಗೆ ಕೂತಳು. ರೌಶನ್ ಬೀಯೂ ತಸ್ಬಿ ಬಿಟ್ಟು ಆ ಕೈಗಳನ್ನೇ ನೋಡತೊಡಗಿದಳು. ಗಂಜಿ ಕೆನೆಗಟ್ಟಿತು. ಬಾಗಿಲಿನ ಬಿಸಿಲು ಗೋಡೆ ಹತ್ತಿ ಕೆಂಪಾಯಿತು.

ಕೊನೆಗೊಮ್ಮೆ ಚಿಪ್ಪು ಎಡಕ್ಕೆ ವಾಲಿತು, ನೆಟ್ಟಗಾಯಿತು, ಆಮೇಲೆ ಅಲುಗಲಿಲ್ಲ. ಜಮೀಲುನ್ನೀಸಾ ಅದನ್ನು ಮಣ್ಣಿನ ನೆಲದ ಮೇಲೆ ಬೋರಲು ಹಾಕಿ, ಅದರ ಮೇಲೆ ಅಂಗೈ ಇಟ್ಟು, ಮೆಲ್ಲಗೆ ಒತ್ತಿದಳು.