ಹೂ ಬಿಡಿಸಿ

ಡ್ರಾಯಿಂಗ್ ಮೇಷ್ಟ್ರ ಹಿತ್ತಿಲಿನ ಗುಲಾಬಿ ಗಿಡ ಕೊನೆಗೂ ಹೂ ಬಿಟ್ಟಿತ್ತು. ಒಂದೇ ಒಂದು ಹೂವು. ಕಡ್ಡಿ ನೆಟ್ಟವಳು ಅವರ ಮಗಳು. ಹಾಸಿಗೆ ಹಿಡಿದ ಮೇಲೂ ಕಿಟಕಿಯಿಂದ ಅದನ್ನೇ ನೋಡುತ್ತ, "ಅಪ್ಪ, ಇದು ಹೂ ಬಿಟ್ಟ ದಿನ ನಾನೇ ಬಿಡಿಸ್ತೀನಿ" ಅನ್ನುತ್ತಿದ್ದಳು. ಗಿಡಕ್ಕೆ ಅವಸರವಿರಲಿಲ್ಲ, ಕಾಯಿಲೆಗಿತ್ತು. ಅವಳು ಹೋದಳು, ಅವಳ ಬಣ್ಣದ ಡಬ್ಬಿ ಉಳಿಯಿತು.

ಮೇಷ್ಟ್ರೇ ಬಿಡಿಸಬಹುದಿತ್ತಲ್ಲ ಅನ್ನಬೇಡಿ. ಮಗಳು ಹೋದಾಗಿನಿಂದ ಅವರ ಬಲಗೈಗೆ ನಡುಕ ಹತ್ತಿತ್ತು, ಒಂದು ಗೆರೆ ನೆಟ್ಟಗೆ ಬರುತ್ತಿರಲಿಲ್ಲ. ಅದಕ್ಕೇ ಅವತ್ತು ಬೆಳಿಗ್ಗೆ ಒಂದನೇ ಕ್ಲಾಸಿನ ಮಕ್ಕಳನ್ನು ಶಾಲೆಯಿಂದ ಮನೆಗೇ ಕರೆತಂದರು. ಯಾರ ಕೈಯಿಂದಾದರೂ ಸರಿ, ಬಾಡುವ ಮೊದಲು ಆ ಹೂವು ಕಾಗದಕ್ಕೆ ಇಳಿದರೆ ಸಾಕಾಗಿತ್ತು.

ಕ್ಲಾಸಿನಲ್ಲಿ ಅವರು ಹೇಳುತ್ತಿದ್ದುದು ಯಾವಾಗಲೂ "ಚಿತ್ರ ಬರೀರಿ" ಎಂದೇ. ಅವತ್ತು ನಾಲಿಗೆಗೆ ಮಗಳ ಮಾತು ಬಂದುಬಿಟ್ಟಿತು. "ನಾನು ನೀರು ತರ್ತೀನಿ. ಅಷ್ಟರಲ್ಲಿ ಹೂ ಬಿಡಿಸೋಕೆ ಶುರು ಮಾಡಿ" ಎಂದು ಒಳಗೆ ಹೋದರು.

ಆ ಮಕ್ಕಳಲ್ಲಿ ಹೂ ಮಾರುವವಳ ಮಗಳೊಬ್ಬಳಿದ್ದಳು, ಚುರುಕಿಗೆ ಎಲ್ಲರೂ ಮೆಣಸಿನಕಾಯಿ ಅನ್ನುತ್ತಿದ್ದರು. ಬೆಳಗಾದರೆ ಅವಳ ಮನೆಯಲ್ಲಿ ಹೂ ಬಿಡಿಸುವುದೇ ಕೆಲಸ. ಮುಳ್ಳು ತಾಗದಂತೆ, ತೊಟ್ಟು ಮುರಿಯದಂತೆ ನಾಜೂಕಾಗಿ ಬಿಡಿಸಿದಳು. ಹೂವು ಒಂದು, ಚಾಚಿದ ಕೈಗಳು ಹತ್ತಾರು. ನ್ಯಾಯ ನ್ಯಾಯವೇ ಎಂದು ಎಸಳು ಬಿಡಿಸಿ ಎಲ್ಲರಿಗೂ ಹಂಚಿದಳು.

ಮೇಷ್ಟ್ರು ನೀರಿನ ಚೊಂಬು, ಮಗಳ ಬಣ್ಣದ ಡಬ್ಬಿ ಹಿಡಿದು ಬಂದರು.

"ಆಗ್ಲೇ ಬಿಡಿಸಾಯ್ತು ಮೇಷ್ಟ್ರೆ" ಎಂದಳು ಮೆಣಸಿನಕಾಯಿ, ಶಹಬ್ಬಾಸ್‌ಗಿರಿಗೆ ಕಾಯುತ್ತ.

ಅವರು ಬೋಳು ಗಿಡವನ್ನು ನೋಡಿದರು. ಮಗಳು ಎರಡನೆಯ ಸಲ ಹೋದ ಹಾಗಾಯಿತು. ಸಿಟ್ಟು ಬಂತು. ಆದರೆ ಬೈಯುವುದಾದರೂ ಯಾರನ್ನು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಎರಡೂ ಒಟ್ಟಿಗೇ ಹೋಗಿದ್ದವು. ಚೊಂಬು, ಡಬ್ಬಿ ಕೆಳಗಿಟ್ಟು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

ಮೇಷ್ಟ್ರ ಮುಖ ಕಂಡು ಹುಡುಗಿಗೆ ಏನನ್ನಿಸಿತೋ. ತನ್ನ ಪಾಲಿನ ಎಸಳನ್ನು ತಂದು ಅವರ ಬಲ ಅಂಗೈಯಲ್ಲಿಟ್ಟಳು.

ಅವರು ಡಬ್ಬಿಯನ್ನು ಅವಳ ಕಡೆ ಸರಿಸಿ, "ಇದನ್ನ ನೋಡ್ಕೊಂಡು ಚಿತ್ರ ಬರಿಯಮ್ಮ" ಅಂದರು.

ಅವಳು ಅಲ್ಲೇ ಎದುರಿಗೆ ಕೂತು, ಅವರ ಮಗಳ ಡಬ್ಬಿ ತೆರೆದು, ಕುಂಚ ನೀರಿಗದ್ದಿದಳು. ಎಸಳನ್ನು ನೋಡಿದಳು, ಕಾಗದ ನೋಡಿದಳು, ಮತ್ತೆ ಎಸಳನ್ನು ನೋಡಿದಳು.

"ಕೈ ಅಲ್ಲಾಡಿಸ್ಬೇಡಿ ಮೇಷ್ಟ್ರೆ. ಸರಿಯಾಗಿ ಕಾಣ್ತಿಲ್ಲ."

ಮೇಷ್ಟ್ರು ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಆಗ ಎರಡೂ ಕೈ ನಡುಗತೊಡಗಿದವು.